ಐವಿಎಫ್‌ಗೆ ಹೋಗುವುದಾ ಬೇಡವಾ, ಗಂಡ-ಹೆಂಡತಿ ಕೂತು ಹೇಗೆ ತೀರ್ಮಾನ ಮಾಡಿದಿರಿ?

ತೀರ್ಥಹಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನನಗೆ 34, ನಮ್ಮನೆಯವರಿಗೆ 38. ಮನೆಯಲ್ಲಿ ಅಡಿಕೆ ತೋಟ ಇದೆ, ನಾನು ಹತ್ತಿರದ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಸುಮಾರು ವರ್ಷ ಆಯಿತು, ಮಕ್ಕಳಾಗಿಲ್ಲ. ಮಾತ್ರೆ ಆಯಿತು, ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಹಾಕುವುದು) ಕೂಡ ಆಯಿತು. ಈಗ ಶಿವಮೊಗ್ಗದ ಡಾಕ್ಟರು ಐವಿಎಫ್‌ಗೆ ಹೋಗಿ ಅಂತಿದ್ದಾರೆ, ಅಂದರೆ ಅಂಡಾಣು ಹೊರಗೆ ತೆಗೆದು, ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವುದು. ನನ್ನ ಎಎಂಎಚ್ (ಅಂಡಾಣು ಎಷ್ಟು ಉಳಿದಿವೆ ಅಂತ ಅಂದಾಜು ಹೇಳುವ ರಕ್ತ ಪರೀಕ್ಷೆ) ಈ ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಡಿಮೆ ಇದೆಯಂತೆ. ನಮ್ಮನೆಯವರ ರಿಪೋರ್ಟಿನಲ್ಲಿ ವೀರ್ಯಾಣು ಕೌಂಟ್ ಪರವಾಗಿಲ್ಲ, ಚಲನೆ ಕಡಿಮೆ.

ಒಂದು ಸಲಕ್ಕೆ ಎರಡು ಲಕ್ಷದ ಹತ್ತಿರ ಖರ್ಚು ಹೇಳಿದ್ದಾರೆ. ಇವರು "ಚಿನ್ನ ಇಟ್ಟು ಸಾಲ ತಗೊಳ್ಳೋಣ, ನೀನು ಹೂಂ ಅನ್ನು" ಅಂತಾರೆ. ಅತ್ತೆ ಮೊದಲು ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿಕೊಂಡು ಬನ್ನಿ ಅಂತಾರೆ. ನನಗೆ ಮಗು ಬೇಕು. ಆದರೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಅಂತ ಭಯ. ಮನೆಯಲ್ಲಿ ಜಗಳ ಏನೂ ಇಲ್ಲ. ನನಗೆ ನೋವಾಗಬಾರದು ಅಂತ ಅವರು ಮಾತಾಡುವುದಿಲ್ಲ, ಅವರಿಗೆ ನೋವಾಗಬಾರದು ಅಂತ ನಾನೂ ಮಾತಾಡುವುದಿಲ್ಲ. ಮಾತು ಶುರು ಮಾಡುವುದೇ ಕಷ್ಟ ಆಗಿದೆ.

ಇದನ್ನೆಲ್ಲ ದಾಟಿ ಬಂದವರು ಹೇಳಿ. ಎಷ್ಟು ಸಲ ಅಂತ ಮೊದಲೇ ನಿಗದಿ ಮಾಡಿಕೊಂಡಿದ್ದಿರಾ? ಶಿವಮೊಗ್ಗದಲ್ಲೇ ಮಾಡಿಸಿದಿರಾ, ಮಣಿಪಾಲ, ಬೆಂಗಳೂರು ಅಂತ ಹೋದಿರಾ?

ಸಾಗರದ ಅಕ್ಕ

ತಂಗಿ, ಇಂಥದರಲ್ಲಿ ದುಡ್ಡಿಗಿಂತ ಜಾಸ್ತಿ ಕಾಡುವುದು ನೀನು ಹೇಳಿದ ಈ ಮೌನವೇ. ನಮ್ಮಲ್ಲೂ ಹಾಗೇ ಇತ್ತು. ಆಗ ನಮ್ಮ ಡಾಕ್ಟರು ಒಂದು ಉಪಾಯ ಹೇಳಿದರು. ಇಬ್ಬರೂ ಬೇರೆ ಬೇರೆ ಹಾಳೆ ತಗೊಂಡು ಬರೆಯಿರಿ, ಒಬ್ಬರದ್ದು ಇನ್ನೊಬ್ಬರು ನೋಡಬೇಡಿ ಅಂತ. ಎಷ್ಟು ದುಡ್ಡಿನ ತನಕ ಹೋಗೋಣ, ಎಷ್ಟು ಸಲ, ಬೇರೆಯವರ ಅಂಡಾಣುವೋ ವೀರ್ಯವೋ ಬೇಕು ಅಂದರೆ ಮನಸ್ಸು ಒಪ್ಪುತ್ತದಾ, ಯಾರಿಗೆ ಹೇಳುವುದು, ಯಾರಿಗೆ ಬೇಡ. ಬರೆದಾದ ಮೇಲೆ ಅದಲು ಬದಲು ಮಾಡಿಕೊಂಡು ಓದಿ ಅಂದರು.

ನಮ್ಮನೆಯವರು ಹಾಳೆ ತುಂಬ ದುಡ್ಡಿನ ಲೆಕ್ಕ ಬರೆದಿದ್ದರು. ಸೊಸೈಟಿಯಲ್ಲಿ ಎಷ್ಟು ಸಾಲ ಸಿಗುತ್ತದೆ, ಮಂಡಿಯಿಂದ ಎಷ್ಟು ಮುಂಗಡ ಬರುತ್ತದೆ, ಯಾವ ತಿಂಗಳು ಎಷ್ಟು ಕಟ್ಟಬೇಕು. ನಾನು ದುಡ್ಡಿನ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಆಗಲಿಲ್ಲ ಅಂದರೆ ಅಮ್ಮನಿಗೆ ಹೇಗೆ ಹೇಳುವುದು, ನಾದಿನಿ ಸೀಮಂತಕ್ಕೆ ಕರೆದರೆ ಹೋಗಲೇಬೇಕಾ, ಶಾಲೆಯಲ್ಲಿ ರಜೆ ಕೇಳುವಾಗ ಏನು ಕಾರಣ ಕೊಡುವುದು, ಬರೀ ಇದೇ. ಅಷ್ಟು ದಿನ ಇಬ್ಬರೂ ಒಂದೇ ಚಿಂತೆಯಲ್ಲಿದ್ದೇವೆ ಅಂದುಕೊಂಡಿದ್ದೆವು. ಅವರಿಗಿದ್ದ ಚಿಂತೆಯೇ ಬೇರೆ, ನನ್ನದೇ ಬೇರೆ. ಅವತ್ತು ರಾತ್ರಿ ಬಹಳ ಹೊತ್ತು ಮಾತಾಡಿದೆವು.

ಎಷ್ಟು ಸಲ ಅನ್ನುವುದನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಬೇಕಾದರೆ ಆಮೇಲೆ ಬದಲಾಯಿಸಬಹುದು. ಆದರೆ ನೆಗೆಟಿವ್ ಬಂದ ವಾರ ಕೂತು ಆ ತೀರ್ಮಾನ ಮಾಡಬೇಡಿ. ಆ ವಾರ ಯಾರಿಗೂ ಬುದ್ಧಿ ಸ್ಥಿಮಿತದಲ್ಲಿ ಇರುವುದಿಲ್ಲ.

ನಮ್ಮ ಕಡೆಯವರಿಗೆ ಮಾತ್ರ ಗೊತ್ತಾಗುವ ಒಂದು ಕಷ್ಟ ಹೇಳುತ್ತೇನೆ. ಕೆಲವು ಇಂಜೆಕ್ಷನ್ ಫ್ರಿಜ್ಜಿನಲ್ಲೇ ಇಡಬೇಕು, 2ರಿಂದ 8 ಡಿಗ್ರಿ. ಆಷಾಢದ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ನಮ್ಮಲ್ಲಿ ಯಾವಾಗ ಬರುತ್ತದೆ ಅಂತ ಗೊತ್ತಲ್ಲ. ಫ್ರಿಜ್ಜಿನಲ್ಲಿ ಮಜ್ಜಿಗೆ ಪಾತ್ರೆ ಪಕ್ಕ ಇಟ್ಟಿದ್ದ ಆ ಡಬ್ಬಿಯನ್ನು ನಮ್ಮನೆಯವರು ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ಹಿಡಿದುಕೊಂಡು, ಇನ್ವರ್ಟರ್ ಇರುವ ಪೇಟೆಯ ಮನೆಗೆ ಹೋಗಿದ್ದಾರೆ. ಔಷಧಿಗೆ ಮಂಜುಗಡ್ಡೆ ನೇರ ತಾಗಬಾರದು, ಟವೆಲ್ಲಿನಲ್ಲಿ ಸುತ್ತಬೇಕು. ಕೆಲವು ಔಷಧಿ ಹೊರಗಿಟ್ಟರೂ ನಡೆಯುತ್ತದೆ. ಬರೆದುಕೊಡುವಾಗಲೇ "ನಮ್ಮಲ್ಲಿ ಕರೆಂಟ್ ಗ್ಯಾರಂಟಿ ಇಲ್ಲ" ಅಂತ ಹೇಳು.

ನಮಗೆ ಮಗ ಹುಟ್ಟಿದ. ಅದನ್ನು ಹೇಳಿ ಆಸೆ ಹುಟ್ಟಿಸಲು ಬರೆಯುತ್ತಿಲ್ಲ. ನಮ್ಮ ಜೊತೆಗೇ ಶುರು ಮಾಡಿದ ಇನ್ನೊಂದು ಜೋಡಿಗೆ ಆಗಲಿಲ್ಲ. ಅವರು ನಮಗಿಂತ ಕಡಿಮೆ ಏನೂ ಮಾಡಿರಲಿಲ್ಲ.

ಕೋಣಂದೂರಿನವ

ಐವಿಎಫ್ ಎಲ್ಲ ದುಡ್ಡು ಮಾಡುವ ದಂಧೆ. ನಮ್ಮಲ್ಲಿ ಒಳ್ಳೆಯ ನಾಟಿ ವೈದ್ಯರು ಇದ್ದಾರೆ. ಬೇರು ಅರೆದು ಕೊಡುತ್ತಾರೆ, ಪಥ್ಯ ಮಾಡಿದರೆ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. ಮೊದಲು ಅದನ್ನು ನೋಡಿ.

ಓಟಿ ಸಿಸ್ಟರ್

ಕೋಣಂದೂರಿನ ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಎಎಂಎಚ್ ಕಡಿಮೆ ಇರುವ 34ರ ಹೆಣ್ಣುಮಗಳಿಗೆ ಮೂರು ತಿಂಗಳು, ಆಮೇಲೆ ಇನ್ನೊಂದು ಮೂರು ತಿಂಗಳು ಅಂತ ಹೇಳುವುದು ಸಣ್ಣ ಮಾತಲ್ಲ. 35 ದಾಟಿದ ಮೇಲೆ ಅಂಡಾಣುವಿನ ಗುಣ ಇಳಿಯುತ್ತಾ ಹೋಗುತ್ತದೆ, 40ರ ನಂತರ ಇನ್ನೂ ಬೇಗ. ಬೇರಿನ ಔಷಧಿ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಹಾರ್ಮೋನ್ ಇಂಜೆಕ್ಷನ್ ಜೊತೆಗಂತೂ ಬೇಡವೇ ಬೇಡ. ನಾನು ಬಂಜೆತನದ ಚಿಕಿತ್ಸೆ ನಡೆಯುವ ಕಡೆ ಕೆಲಸ ಮಾಡಿದವಳು, ಕಂಡದ್ದು ಹೇಳುತ್ತಿದ್ದೇನೆ.

ತೀರ್ಥಹಳ್ಳಿ ತಂಗಿಗೆ. ಎಎಂಎಚ್ ನೋಡಿ ಎದೆ ಒಡೆದುಕೊಳ್ಳಬೇಡಿ. ಕಣಜದಲ್ಲಿ ಭತ್ತ ಎಷ್ಟು ಉಳಿದಿದೆ ಅಂತ ಅದು ಹೇಳುತ್ತದೆ, ಬಿತ್ತಿದರೆ ಮೊಳೆಯುತ್ತದಾ ಅಂತ ಹೇಳುವುದಿಲ್ಲ. ಇಂಜೆಕ್ಷನ್ ಕೊಟ್ಟಾಗ ಎಷ್ಟು ಅಂಡಾಣು ಸಿಗಬಹುದು ಅನ್ನುವ ಅಂದಾಜಿಗೆ ಮಾತ್ರ ಅದು ಬೇಕು. ಗುಣ ಹೆಚ್ಚಾಗಿ ವಯಸ್ಸಿನ ಮೇಲೆ ಹೋಗುತ್ತದೆ.

ನಡೆಯುವುದು ಹೀಗೆ. ಮುಟ್ಟಿನ ಎರಡನೇ ಮೂರನೇ ದಿನದಿಂದ ಸುಮಾರು 10-12 ದಿನ ಇಂಜೆಕ್ಷನ್. ನಡುವೆ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್. ಕೊನೆಗೆ ಟ್ರಿಗರ್ ಇಂಜೆಕ್ಷನ್ (ಅಂಡಾಣು ಪೂರ್ತಿ ಬಲಿಯಲು ಕೊಡುವುದು), ಅದಾಗಿ 34-36 ಗಂಟೆಗೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುತ್ತಾರೆ. ಆ ಟ್ರಿಗರ್ ಹೇಳಿದ ಗಂಟೆಗೇ ಆಗಬೇಕು, ಅರ್ಧ ರಾತ್ರಿಯಾದರೂ ಸರಿ. ಹಾಗಾಗಿ ಊರು ಆರಿಸುವಾಗ ಹೆಸರು ನೋಡುವುದಕ್ಕಿಂತ ಓಡಾಟ ನೋಡಿ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೆ ಮಣಿಪಾಲಕ್ಕೆ ಹೊತ್ತಿಗೆ ಸರಿಯಾಗಿ ತಲುಪುತ್ತೀರಾ? ಬೆಂಗಳೂರಾದರೆ ಎರಡು ವಾರ ಯಾರ ಮನೆಯಲ್ಲಿ ಇರುತ್ತೀರಿ? ಇದೆಲ್ಲ ಲೆಕ್ಕಕ್ಕೆ ಬರಬೇಕು.

ತೆಗೆದ ಅಂಡಾಣು ಎಲ್ಲವೂ ಭ್ರೂಣ ಆಗುವುದಿಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಿ. ಹತ್ತು ಸಿಕ್ಕಿತು ಅಂತ ಊರಿಗೆಲ್ಲ ಫೋನ್ ಮಾಡಿ, ಐದನೇ ದಿನಕ್ಕೆ ಎರಡೇ ಉಳಿಯಿತು ಅಂದಾಗ ಕುಸಿದು ಕೂತವರನ್ನು ನೋಡಿದ್ದೇನೆ. ಅದು ಯಾರ ತಪ್ಪೂ ಅಲ್ಲ, ಪ್ರತಿ ಹಂತದಲ್ಲೂ ಸಂಖ್ಯೆ ಇಳಿಯುವುದೇ ಸಹಜ. ಭ್ರೂಣ ಒಳಗಿಟ್ಟ ಮೇಲೆ ಸುಮಾರು ಎರಡು ವಾರಕ್ಕೆ ಗರ್ಭ ನಿಂತಿದೆಯಾ ಅಂತ ನೋಡುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ. ಆ ಎರಡು ವಾರ ಮಂಚದಿಂದ ಇಳಿಯಬಾರದು ಅಂತ ಮನೆಯವರು ಹೇಳುತ್ತಾರೆ. ಅದರಿಂದ ಏನೂ ಲಾಭ ಇಲ್ಲ. ಬಸ್ಸು ಕುಲುಕಿದರೆ ಭ್ರೂಣ ಜಾರುವುದಿಲ್ಲ. ನಿಮ್ಮ ಪಾಡಿಗೆ ಶಾಲೆಗೆ ಹೋಗಬಹುದು, ಭಾರ ಎತ್ತದಿದ್ದರೆ ಸಾಕು.

ಅಂಡಾಣು ತೆಗೆದ ಮೇಲೆ ಹೊಟ್ಟೆ ಉಬ್ಬರ ಜಾಸ್ತಿಯಾಗುತ್ತಾ ಹೋದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಅಂಡಾಶಯ ಅತಿಯಾಗಿ ಊದಿಕೊಂಡರೆ ಅಪಾಯ. ಪಿಸಿಓಎಸ್ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಿದ್ದು ಹಾರ್ಮೋನ್ ಏರುಪೇರಾಗುವ ತೊಂದರೆ) ಇರುವವರಿಗೆ ಇದು ಜಾಸ್ತಿ.

ಸೆಂಟರಿನಲ್ಲಿ ಎರಡು ಪ್ರಶ್ನೆ ಖಂಡಿತ ಕೇಳಿ. ಒಂದು, ನೋಂದಣಿ ಸರ್ಟಿಫಿಕೇಟ್. 2021ರ ಎಆರ್‌ಟಿ ಕಾಯ್ದೆ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ಪ್ರಕಾರ ನೋಂದಣಿ ಇಲ್ಲದೆ ಐವಿಎಫ್ ಮಾಡುವ ಹಾಗಿಲ್ಲ. ಐಯುಐ ಮಾತ್ರ ಮಾಡುವ ಕ್ಲಿನಿಕ್ಕಿಗೆ ಲೆವೆಲ್ ಒಂದು, ಐವಿಎಫ್ ಮಾಡಲು ಲೆವೆಲ್ ಎರಡು. ಇನ್ನೊಂದು, ನನ್ನ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಮಗು ಕೈಗೆ ಬಂದಿದೆ ಅಂತ. ಟೆಸ್ಟ್ ಪಾಸಿಟಿವ್ ಬಂದದ್ದು ಬೇರೆ, ಹೆರಿಗೆಯಾದದ್ದು ಬೇರೆ. ಜಾಹೀರಾತಿನಲ್ಲಿ ಹಾಕುವುದು ಹೆಚ್ಚಾಗಿ ಮೊದಲನೆಯದನ್ನು.

ಸಹಿ ಹಾಕುವ ಕಾಗದ ಇಬ್ಬರೂ ಓದಿ, ಗಂಡ ಒಬ್ಬರೇ ಓದಿದರೆ ಸಾಲದು. ಭ್ರೂಣ ಒಳಗೆ ಇಡುವ ತನಕ ಯಾವ ದಿನ ಬೇಕಾದರೂ ಬೇಡ ಅನ್ನುವ ಹಕ್ಕು ಕಾನೂನಿನಲ್ಲೇ ಇದೆ. ಉಳಿದ ಭ್ರೂಣ ಫ್ರೀಜ್ ಮಾಡಿ ಇಡಲು ಹೆಚ್ಚೆಂದರೆ 10 ವರ್ಷ.

ಹೊಸನಗರದ ಕೃಷಿಕ

ಹೆಚ್ಚಾಗಿ ಹೆಂಗಸರೇ ಬರೆಯುತ್ತಿದ್ದೀರಿ, ಗಂಡಸಾಗಿ ನಾನೂ ಒಂದು ಮಾತು ಹೇಳುತ್ತೇನೆ. ತಂಗಿ, ನಿಮ್ಮೆಜಮಾನರ ರಿಪೋರ್ಟಿನಲ್ಲಿ ಚಲನೆ ಕಡಿಮೆ ಅಂದಿರಿ. ಒಂದೇ ಪರೀಕ್ಷೆ ನೋಡಿ ನಿಲ್ಲಿಸಬೇಡಿ. ಜ್ವರ ಬಂದು ಹೋಗಿದ್ದರೂ ಫಲಿತಾಂಶ ಏರುಪೇರಾಗುತ್ತದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಹಾಗಾಗಿ ಗುಟ್ಕಾ, ಸಿಗರೇಟು, ಕುಡಿತ ಇದ್ದರೆ ಇವತ್ತು ಬಿಟ್ಟರೆ ಅದರ ಫಲ ಮೂರು ತಿಂಗಳಿಗೆ ಕಾಣಬಹುದು. ಪರೀಕ್ಷೆಗೆ ಮುಂಚೆ, ಕೊನೆಯ ಸಲ ವೀರ್ಯ ಹೊರಹೋಗಿ ಕನಿಷ್ಠ 2, ಹೆಚ್ಚೆಂದರೆ 7 ದಿನ ಆಗಿರಬೇಕು. ನನಗೆ ವೆರಿಕೋಸೀಲ್ (ವೃಷಣದ ಹತ್ತಿರದ ರಕ್ತನಾಳ ಊದಿಕೊಳ್ಳುವುದು) ಇದೆ ಅಂತ ಗೊತ್ತಾದದ್ದು ಯೂರಾಲಜಿ (ಮೂತ್ರಾಂಗ, ಗಂಡಸರ ಜನನಾಂಗದ) ಡಾಕ್ಟರ ಹತ್ತಿರ ಹೋದ ಮೇಲೆ. ಸ್ತ್ರೀರೋಗ ತಜ್ಞರ ಹತ್ತಿರ ಅದು ಸಿಕ್ಕುವುದು ಹೇಗೆ, ಅವರು ನನ್ನನ್ನು ಪರೀಕ್ಷೆ ಮಾಡುವುದೇ ಇಲ್ಲವಲ್ಲ.

ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಆದರೂ ಮದುವೆಮನೆ ಊಟದ ಪಂಕ್ತಿಯಲ್ಲಿ "ವಿಶೇಷ ಏನಾದರೂ ಇದೆಯಾ?" ಅಂತ ಕೇಳಿಸಿಕೊಳ್ಳುವವಳು ಹೆಂಡತಿ. ನಮ್ಮ ಮನೆಯಲ್ಲಿ ನಾನೇ ಎಲ್ಲರೆದುರು ಹೇಳಿದೆ, "ಟ್ರೀಟ್‌ಮೆಂಟ್ ನನಗೂ ನಡೀತಿದೆ, ಇನ್ನು ಅವಳನ್ನು ಕೇಳಬೇಡಿ" ಅಂತ. ಅವತ್ತಿನಿಂದ ಕೇಳುವುದು ನಿಂತಿತು. ಇದು ಗಂಡಸರು ಮಾಡಲೇಬೇಕಾದ ಕೆಲಸ ಅಂತ ನನ್ನ ಅಭಿಪ್ರಾಯ.

ದುಡ್ಡಿನ ವಿಷಯ. ಆಯುಷ್ಮಾನ್ ಕಾರ್ಡಿನಲ್ಲಿ ಐವಿಎಫ್ ಬರುವುದಿಲ್ಲ. ಮಾಮೂಲಿ ಆರೋಗ್ಯ ವಿಮೆಯಲ್ಲೂ ಬಂಜೆತನ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ, ಪಾಲಿಸಿ ತೆಗೆದು ಓದಿ. ಅಂದರೆ ಎಲ್ಲವೂ ಕೈಯಿಂದಲೇ. ಅವರು ಹೇಳುವ ಪ್ಯಾಕೇಜಿನಲ್ಲಿ ಇಂಜೆಕ್ಷನ್ ಸೇರಿದೆಯಾ, ಫ್ರೀಜ್ ಮಾಡುವ ಖರ್ಚು ಸೇರಿದೆಯಾ, ಫ್ರೀಜ್ ಮಾಡಿದ್ದನ್ನು ಮತ್ತೆ ಇಡಲು ಬೇರೆ ಎಷ್ಟು ಅಂತ ಬರೆಸಿಕೊಳ್ಳಿ. ಚಿನ್ನದ ಸಾಲ ಆದೀತು. ತೋಟ ಅಡ ಇಡುವುದು ಬೇಡ. ಎಲೆಚುಕ್ಕಿ ರೋಗ, ಕೊಳೆ ರೋಗ ಬಂದ ವರ್ಷ ಅಡಿಕೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ತೀರ್ಥಹಳ್ಳಿ ಸೊಸೆ

ಹೊಸನಗರದ ಅಣ್ಣಾ, ನಿಮ್ಮದನ್ನು ಇವರಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸಂಜೆ ತೋಟದಿಂದ ಬಂದವರು "ಆ ಯೂರಾಲಜಿ ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬರ್ತೀನಿ" ಅಂದರು. ನನಗೆ ಅಷ್ಟೇ ಸಾಕಾಗಿತ್ತು.

ಅತ್ತೆಯ ವಿಷಯ ಏನು ಮಾಡಲಿ? ಅವರು ಕೆಟ್ಟವರಲ್ಲ. ಆದರೆ ಪೂಜೆ ಆಗುವ ತನಕ ಆಸ್ಪತ್ರೆ ಬೇಡ ಅಂತ ಹಟ.

ಕೊಪ್ಪದ ಅಮ್ಮ

ಮಗಾ, ನಾನು ಅತ್ತೆ ಜಾಗದಲ್ಲಿ ಇರುವವಳು. ನನ್ನ ಸೊಸೆಗೂ ಬಹಳ ತಡವಾಯಿತು. ನಿಮ್ಮತ್ತೆಗೆ ಇಂಜೆಕ್ಷನ್, ಸ್ಕ್ಯಾನ್ ಏನೂ ತಿಳಿಯುವುದಿಲ್ಲ. ತಿಳಿಯುವುದು ದೇವರು ಒಂದೇ. ಮಕ್ಕಳಿಗೋಸ್ಕರ ತಾನೂ ಏನಾದರೂ ಮಾಡಬೇಕು ಅಂತ ಅವರ ಜೀವ ಒದ್ದಾಡುತ್ತಿರುತ್ತದೆ. ಪೂಜೆ ಬೇಡ ಅನ್ನಬೇಡಿ. "ಅತ್ತೇ, ಪೂಜೆ ನೀವು ಮಾಡಿಸಿ, ನಾವು ಬರ್ತೀವಿ. ಆದರೆ ಡಾಕ್ಟರ ತಾರೀಕು ಮುಂದೆ ಹೋಗಬಾರದು" ಅಂತ ಮಗನ ಬಾಯಲ್ಲಿ ಹೇಳಿಸಿ. ಸೊಸೆ ಹೇಳಿದರೆ ಎದುರುತ್ತರ ಆಗುತ್ತದೆ, ಮಗ ಹೇಳಿದರೆ ವಿಷಯ ಆಗುತ್ತದೆ. ಇದು ಸರಿಯಲ್ಲ, ನನಗೂ ಗೊತ್ತು. ಆದರೆ ಈಗ ನಿನಗೆ ಬೇಕಾಗಿರುವುದು ಸಮಯ ಅಲ್ವಾ.

ಎಲ್ಲವನ್ನೂ ಮನೆಯವರಿಗೆ ಹೇಳುತ್ತಾ ಕೂರಬೇಡ. ರಿಸಲ್ಟ್ ಬರುವ ದಿನ ಯಾವುದು ಅಂತ ನೀವಿಬ್ಬರೇ ತಿಳಿದಿದ್ದರೆ ಸಾಕು. ನಾನು ಆ ದಿನ ತಿಳಿದುಕೊಂಡು ನಾಲ್ಕು ಸಲ ಫೋನ್ ಮಾಡುವ ಪೈಕಿಯವಳು, ಅದಕ್ಕೇ ಸೊಸೆ ನನಗೆ ಹೇಳಿರಲಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು.

ಸೊರಬದವಳು

ನಿಲ್ಲಿಸಿದವರ ಮಾತೂ ಇಲ್ಲಿ ಇರಲಿ ಅಂತ ಬರೆಯುತ್ತಿದ್ದೇನೆ. ನಮಗೆ ಆಗಲಿಲ್ಲ.

ಕಷ್ಟ ಆದದ್ದು ಚಿಕಿತ್ಸೆಗಿಂತ ನಿಲ್ಲಿಸುವ ತೀರ್ಮಾನ. ಇಬ್ಬರಿಗೂ ಒಂದೇ ದಿನ ಸಾಕು ಅನ್ನಿಸುವುದಿಲ್ಲ. ನನಗೆ ಮೊದಲು ಸಾಕಾಯಿತು. ಅವರಿಗೆ ಇನ್ನೊಂದು ಸಲ ನೋಡೋಣ ಅನ್ನುವ ಆಸೆ. ಡಾಕ್ಟರು ಬೇರೆಯವರ ಅಂಡಾಣು ಬಳಸಬಹುದು ಅಂದರು. ಕಾನೂನು ಪ್ರಕಾರ ಅಂಡಾಣು, ವೀರ್ಯ ಒದಗಿಸುವ ನೋಂದಾಯಿತ ಬ್ಯಾಂಕಿನ ಮೂಲಕ, 23ರಿಂದ 35 ವರ್ಷದೊಳಗಿನವರು, ಜೀವನದಲ್ಲಿ ಒಂದೇ ಸಲ ಕೊಡಬಹುದು. ಹುಟ್ಟುವ ಮಗು ಎಲ್ಲ ರೀತಿಯಲ್ಲೂ ನಿಮ್ಮದೇ. ಅವರು ತಕ್ಷಣ ಒಪ್ಪಿದರು. ನನಗೆ ಆಗಲಿಲ್ಲ. ಅದು ಸರಿ ತಪ್ಪಿನ ಪ್ರಶ್ನೆ ಅಲ್ಲ. ಒಪ್ಪಿ ಸಂತೋಷವಾಗಿರುವವರನ್ನು ನಾನು ಬಲ್ಲೆ. ನನ್ನ ಮನಸ್ಸು ಬರಲಿಲ್ಲ, ಅಷ್ಟೇ.

ಆಗ ಕೌನ್ಸೆಲರ್ ಒಬ್ಬರು ಹೇಳಿದ ಮಾತು ನಮಗೆ ದಾರಿ ಮಾಡಿಕೊಟ್ಟಿತು. ಇಬ್ಬರೂ ಒಪ್ಪಿದರೆ ಮಾತ್ರ ಮುಂದಕ್ಕೆ, ಒಬ್ಬರು ಬೇಡ ಅಂದರೆ ಅಲ್ಲಿಗೆ ನಿಲ್ಲಿಸಿ, ಯಾಕೆಂದರೆ ಸೂಜಿ ಚುಚ್ಚಿಸಿಕೊಳ್ಳುವ ಮೈ ಒಬ್ಬರದ್ದು, ಆಮೇಲೆ ಮಗು ಸಾಕುವವರು ಇಬ್ಬರೂ ಅಂತ. ನಮ್ಮನೆಯವರು ಒಪ್ಪಿಕೊಳ್ಳಲು ತಿಂಗಳುಗಟ್ಟಲೆ ಬೇಕಾಯಿತು. ಆ ತಿಂಗಳುಗಳಲ್ಲಿ ನಾನು ಅವರಿಗೆ ಸಮಾಧಾನ ಹೇಳಲಿಲ್ಲ, ಅವರಿಗೆ ಬೇಸರ ಮಾಡಿಕೊಳ್ಳಲು ಬಿಟ್ಟೆ. ಗಂಡಸರು ಅಳುವುದಕ್ಕೆ ನಮ್ಮ ಕಡೆ ಜಾಗವೇ ಇಲ್ಲ.

ಭೂಮಿ ಹುಣ್ಣಿಮೆ ಬಂದರೆ ನಮ್ಮ ಮನೆಯಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವವಳು ನಾನೇ. ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಪೈರು ಬಸುರಿ, ಭೂಮಿತಾಯಿಗೆ ಬಯಕೆ ಊಟ ಬಡಿಸುವ ಹಬ್ಬ ಅದು. ಆ ವರ್ಷ ಬರೆಯಲು ಕೂತವಳಿಗೆ ಕೈ ಓಡಲಿಲ್ಲ. ಮಕ್ಕಳಿಲ್ಲದವಳು ಬರೆಯಬಾರದು ಅಂತ ಒಬ್ಬರು ಅಂದದ್ದೂ ಕಿವಿಗೆ ಬಿತ್ತು. ಅತ್ತೆ ಬಂದು ನನ್ನ ಪಕ್ಕ ಕೂತು "ನೀನು ಬರೆಯೇ, ಊಟ ಹಾಕುವುದಕ್ಕೆ ಬಸುರಿ ಆಗಿರಬೇಕು ಅಂತ ಯಾರು ಹೇಳಿದ್ದು" ಅಂದರು. ಈಗಲೂ ಪ್ರತಿ ವರ್ಷ ಬರೆಯುತ್ತೇನೆ.

ಈಗ ನಾವಿಬ್ಬರೇ. ನಾವು ಚೆನ್ನಾಗಿದ್ದೇವೆ. ಮಕ್ಕಳಿಲ್ಲದ ಬದುಕು ಬರೀ ಶೋಕ ಅಂತ ತಿಳಿಯಬೇಡ ತಂಗಿ, ಅದಕ್ಕೇ ಇಷ್ಟು ಬರೆದೆ.

ಭದ್ರಾವತಿ ಅಪ್ಪ

ನಾವು ದತ್ತು ತಗೊಂಡವರು. ದಯವಿಟ್ಟು ಯಾರೂ "ಐವಿಎಫ್ ಆಗದಿದ್ದರೆ ದತ್ತು ಇದೆಯಲ್ಲ" ಅಂತ ಹಗುರವಾಗಿ ಹೇಳಬೇಡಿ. ಅದಕ್ಕೂ ಅದರದೇ ತಯಾರಿ ಬೇಕು.

ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದ ವೆಬ್‌ಸೈಟಿನಲ್ಲೇ ನೋಂದಣಿ. ಮದುವೆಯಾಗಿ ಕನಿಷ್ಠ ಎರಡು ವರ್ಷ ಆಗಿರಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ-ಹೆಂಡತಿ ವಯಸ್ಸು ಕೂಡಿ 85 ಮೀರಬಾರದು. ನಿಮ್ಮದು ಕೂಡಿದರೆ 72, ಸಮಯ ಇದೆ. ಮನೆಗೆ ಬಂದು ವಿಚಾರಣೆ ಮಾಡಿ ವರದಿ ಬರೆಯುತ್ತಾರೆ. ಮೊದಲು ಕೋರ್ಟು ಆದೇಶ ಕೊಡಬೇಕಿತ್ತು, 2022ರಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಸಣ್ಣ ಮಗುವಿಗೆ ವರ್ಷಗಟ್ಟಲೆ ಕಾಯಬೇಕು, ಸ್ವಲ್ಪ ದೊಡ್ಡ ಮಗುವಿಗೆ ಮನಸ್ಸು ತೆರೆದರೆ ಬೇಗ.

"ನಮಗೆ ಗೊತ್ತಿರುವ ಆಸ್ಪತ್ರೆಯಲ್ಲಿ ಒಂದು ಮಗು ಇದೆ, ಇಷ್ಟು ಕೊಟ್ಟರೆ ಸಾಕು" ಅಂತ ಯಾರಾದರೂ ಬಂದರೆ ಬಾಗಿಲು ಹಾಕಿ. ಅದು ಮಗುವಿನ ಮಾರಾಟ. ನೀವೂ ಜೈಲಿಗೆ, ಮಗುವೂ ನಿಮ್ಮ ಕೈ ತಪ್ಪುತ್ತದೆ.

ನಮ್ಮ ಮಗಳಿಗೆ ಅವಳು ಬಂದ ಕಥೆ ಚಿಕ್ಕಂದಿನಿಂದ ಹೇಳಿದ್ದೇವೆ. ಅವಳ ಹುಟ್ಟುಹಬ್ಬದ ಜೊತೆಗೆ ಮನೆಗೆ ಬಂದ ದಿನವನ್ನೂ ಮಾಡುತ್ತೇವೆ. ಅವತ್ತು ಅವಳಿಗೆ ಒತ್ತು ಶಾವಿಗೆ, ಕಾಯಿಹಾಲು ಆಗಲೇಬೇಕು.

ತೀರ್ಥಹಳ್ಳಿ ಸೊಸೆ

ಎಲ್ಲರ ಮಾತನ್ನೂ ಇಬ್ಬರೂ ಕೂತು ಓದಿದೆವು. ಸಾಗರದ ಅಕ್ಕ ಹೇಳಿದ ಹಾಗೆ ಎರಡು ಹಾಳೆಯಲ್ಲಿ ಬರೆದೆವು. ಇವರು ಬರೆದದ್ದರಲ್ಲಿ ಒಂದು ಸಾಲು, "ಅವಳಿಗೆ ಬೇಡ ಅನ್ನಿಸಿದರೂ ನನಗೋಸ್ಕರ ಹೂಂ ಅಂದುಬಿಡುತ್ತಾಳೇನೋ ಅಂತ ಭಯ." ನನಗೆ ಇದು ಗೊತ್ತೇ ಇರಲಿಲ್ಲ. ಸಾಲಕ್ಕೆ ಹೂಂ ಅನ್ನು ಅಂತ ಅವರು ಒತ್ತಾಯ ಮಾಡುತ್ತಿರುವುದು ತಮಗೆ ಮಗು ಬೇಕು ಅಂತ ಅಂದುಕೊಂಡಿದ್ದೆ. ನನಗೆ ಬೇಕು ಅಂತ ಅವರು ಹಾಗೆ ಮಾಡುತ್ತಿದ್ದರು.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ಮೊದಲು ಅವರ ಪರೀಕ್ಷೆ ಸರಿಯಾಗಿ ಆಗಲಿ. ಅಂಡಾಣು ತೆಗೆಯುವುದು ಹೆಚ್ಚೆಂದರೆ ಎರಡು ಸಲ, ಆಮೇಲೆ ಮತ್ತೆ ಕೂತು ಮಾತು. ಚಿನ್ನದ ಸಾಲ ಸರಿ, ತೋಟ ಮುಟ್ಟುವುದಿಲ್ಲ. ಶಿವಮೊಗ್ಗದಲ್ಲೇ ಮಾಡಿಸುತ್ತೇವೆ. ಬೇರೆಯವರ ಅಂಡಾಣು ವಿಷಯದಲ್ಲಿ ಅವರು ಸರಿ ಅಂತಾರೆ, ನನಗೆ ಇನ್ನೂ ಗೊತ್ತಿಲ್ಲ. ಅದನ್ನು ಗೊತ್ತಿಲ್ಲ ಅಂತಲೇ ಬರೆದಿಟ್ಟಿದ್ದೇವೆ. ಕುಕ್ಕೆಗೆ ಅತ್ತೆಯನ್ನೂ ಕರೆದುಕೊಂಡು ರಜೆಯಲ್ಲಿ ಹೋಗುತ್ತೇವೆ, ತಾರೀಕು ಡಾಕ್ಟರನ್ನು ಕೇಳಿದ ಮೇಲೆ. ಇವರೇ ಹೇಳಿದರು. ಅತ್ತೆ ಒಂದು ಗಳಿಗೆ ಸುಮ್ಮನಿದ್ದು ಆಯಿತು ಅಂದರು.

ಸಿಸ್ಟರ್, ಒಂದು ಪ್ರಶ್ನೆ ಉಳಿದಿದೆ. ಅಡಿಕೆ ಗೊನೆ ಕೊಯ್ಲು ಶುರುವಾದರೆ ಇವರು ಒಂದು ದಿನವೂ ಬರುವ ಹಾಗಿಲ್ಲ. ಕೊಯ್ಲು ಮುಗಿಯುವ ತನಕ ಕಾಯಬಹುದಾ, ಅಷ್ಟರಲ್ಲಿ ತಡವಾಗುತ್ತದಾ?

ಓಟಿ ಸಿಸ್ಟರ್

ಎರಡು ಮೂರು ತಿಂಗಳಿಗೆ ಏನೂ ಕೆಡುವುದಿಲ್ಲ, ವರ್ಷಗಟ್ಟಲೆ ಮುಂದೆ ಹಾಕಬೇಡಿ ಅಷ್ಟೇ. ಹೇಗೂ ಅವರ ಪರೀಕ್ಷೆ, ಬೇಕಾದರೆ ಔಷಧಿ ಅಂತ ಅಷ್ಟು ಸಮಯ ಬೇಕು. ಕೊಯ್ಲಿನೊಳಗೇ ಮಾಡಬೇಕಾಗಿ ಬಂದರೂ ಅವರು ಖಂಡಿತ ಇರಬೇಕಾದದ್ದು ಅಂಡಾಣು ತೆಗೆಯುವ ದಿನ. ಅವತ್ತು ಬರಲು ಆಗುವುದಿಲ್ಲ ಅಂತ ಅನುಮಾನ ಇದ್ದರೆ ಮೊದಲೇ ಬಂದು ವೀರ್ಯ ಕೊಟ್ಟು ಫ್ರೀಜ್ ಮಾಡಿಸಿಡಬಹುದು. ಸ್ಕ್ಯಾನಿಗೆ ನಿಮ್ಮ ಜೊತೆ ಬೇರೆ ಯಾರಾದರೂ ಬಂದರೆ ನಡೆಯುತ್ತದೆ. ರುಬೆಲ್ಲಾ ಪರೀಕ್ಷೆ, ಥೈರಾಯ್ಡ್, ಶುಗರ್ ಈಗಲೇ ಮಾಡಿಸಿ, ಫೋಲಿಕ್ ಆಸಿಡ್ ಇವತ್ತಿನಿಂದಲೇ ಶುರು ಮಾಡಿ.

ಸಾಗರದ ಅಕ್ಕ

ಸ್ಕ್ಯಾನ್ ಇರುವ ದಿನ ಜೊತೆಗೆ ಯಾರೂ ಇಲ್ಲ ಅಂದರೆ ನನಗೆ ಹೇಳು. ಶಿವಮೊಗ್ಗಕ್ಕೆ ನಾನು ಹೇಗೂ ವಾರಕ್ಕೊಮ್ಮೆ ಬರುತ್ತೇನೆ, ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತೇನೆ. ಫ್ಲಾಸ್ಕ್ ಇನ್ನೂ ಇಟ್ಟಿದ್ದೇನೆ, ಬೇಕಾದರೆ ಅದನ್ನೂ ತರುತ್ತೇನೆ.